ನೀಲಾಂಬಿಕೆ ಮಿಸ್ಸಿನ ರಟ್ಟು

ಅರಕಲಗೂಡಿನ ಖಾಸಗಿ ಶಾಲೆಯೊಂದರಲ್ಲಿ ನೀಲಾಂಬಿಕೆ ಇಂಗ್ಲಿಷ್ ವ್ಯಾಕರಣ ಕಲಿಸುತ್ತಾಳೆ. ಒಂದು ಮಗುವಿನ ಮೈಯನ್ನೂ ಮುಟ್ಟಿದವಳಲ್ಲ. ಹಾಗೆಂದು ಸಿಕ್ಕಸಿಕ್ಕವರ ಮುಂದೆ ತಾನೇ ಹೇಳಿಕೊಳ್ಳುತ್ತಾಳೆ. ಹೊಡೆಯುವ ದರ್ದಾದರೂ ಏನಿತ್ತು? ಅವಳ ಹತ್ತಿರ ರಟ್ಟಿತ್ತು.

ಇಂಗ್ಲಿಷ್ ಮಾತಿನಲ್ಲಿ ಕ್ರಿಯಾಪದದ ಬಾಲಕ್ಕೆ ಎಸ್, ಇಡಿ, ಐಎನ್‌ಜಿ ಸೇರಿಸಲು ಮರೆತ ಮಗುವಿನ ಕೊರಳಿಗೆ 'ಬಾಲ ಇಲ್ಲದ ಕೋತಿ' ಎಂದು ಬರೆದ ಆ ರಟ್ಟು ಬೀಳುತ್ತಿತ್ತು. ಕಳಚಬೇಕಾದರೆ ಇನ್ನೊಬ್ಬರ ತಪ್ಪು ಹಿಡಿದು ಅವರ ಕೊರಳಿಗೆ ದಾಟಿಸಬೇಕು. ಶನಿವಾರ ಅದು ಯಾರಲ್ಲಿ ಉಳಿಯಿತೋ ಅವರು ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯೆದುರು ನಿಲ್ಲಬೇಕು. ಊಟದ ಡಬ್ಬಿ ಬಿಚ್ಚಿದಾಗಲೂ ಮಕ್ಕಳು ಒಬ್ಬರ ಬಾಯಿ ಒಬ್ಬರು ಕಾಯುತ್ತಿದ್ದವು. ಕಲಿಕೆ ಎಂದರೆ ಇದು ಎಂದು ನೀಲಾಂಬಿಕೆ ಹಿಗ್ಗುತ್ತಿದ್ದಳು.

ಒಂದು ಶುಕ್ರವಾರ ಸಂಜೆ ರಟ್ಟು ಅದೇ ತರಗತಿಯಲ್ಲಿದ್ದ ಅವಳ ಮಗಳು ರಂಜಿನಿಯ ಕೊರಳಿಗೇ ಬಿತ್ತು. ಮನೆಗೆ ಬಂದ ಹುಡುಗಿ ಅನ್ನ ಮುಟ್ಟಲಿಲ್ಲ.

"ನಾಳೆ ನಾನ್ ನಿಂತ್ಕಳಲ್ಲಮ್ಮ. ಬಿಚ್ಬುಡು."

"ನಿಂಗೊಂದು ರೂಲ್ಸು, ಬೇರೆಯೋರ್ಗೊಂದಾ? ಜನ ಏನಂತಾರೆ? ಬೆಲ್ಲು ಹೊಡಿಯೋದ್ರೊಳ್ಗೆ ಯಾರ್ನಾದ್ರೂ ಹಿಡಿಯೇ, ಅಷ್ಟೂ ಆಗಲ್ವಾ?"

ಮರುದಿನ ರಂಜಿನಿ ನೇರವಾಗಿ ನಿಖಿತಾಳ ಪಕ್ಕ ಹೋಗಿ ಕೂತಳು. ನಿಖಿತಾ ಮಲ್ಲಿಪಟ್ಟಣದಿಂದ ವ್ಯಾನಿನಲ್ಲಿ ಬರುವ ಹುಡುಗಿ; ಅಪ್ಪನದು ಬೇಸಾಯ. ತರಗತಿಯಲ್ಲಿ ಅಲ್ಲಿಯವರೆಗೂ ರಟ್ಟು ಬೀಳದ ಕೊರಳು ಅವಳದೊಂದೇ. ತಾಯಿ ತೀರಿಹೋಗಿ ತಿಂಗಳಾಗಿತ್ತು.

ರಂಜಿನಿ ಅವಳ ಹೆಗಲ ಮೇಲೆ ಕೈಯಿಟ್ಟು, ಅಮ್ಮ ಹೋದ ದಿನ ಏನಾಯಿತೆಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಪಾಪದ ಹುಡುಗಿ, ನಂಬಿ ಹೇಳತೊಡಗಿತು. ಆಸ್ಪತ್ರೆಯವರೆಗೆ ಸರಿಯಾಗಿಯೇ ಹೇಳಿತು. ಆಮೇಲೆ ಅಳು ನುಗ್ಗಿ ಮಾತು ತೊದಲಿತು, ಒಂದು ಇಡಿ ಬಿಟ್ಟುಹೋಯಿತು.

"ಮಿಸ್, ತಪ್ಪು! ನಿಖಿತಾ ತಪ್ಪು ಮಾತಾಡಿದ್ಲು!"

ನೀಲಾಂಬಿಕೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೇಡ ಎನ್ನಬಹುದಿತ್ತು. ಹಾಗಂದಿದ್ದರೆ ಮಗಳು ನಿಲ್ಲಬೇಕಾಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯಿತು: ಅಳುತ್ತಿದ್ದ ತಬ್ಬಲಿಯ ಕೊರಳಿಗೆ ರಟ್ಟನ್ನು ತನ್ನ ಕೈಯಾರೆ ಕಟ್ಟಿದಳು. ಥೂ, ಅದೂ ಒಂದು ಹೆಂಗರುಳೇ? ಪ್ರಾರ್ಥನೆಯುದ್ದಕ್ಕೂ ನಿಖಿತಾ ಬಿಕ್ಕುತ್ತ ನಿಂತಿತ್ತು. ಮಕ್ಕಳು ನಕ್ಕವು.

ಮಧ್ಯಾಹ್ನ ಸ್ಕೂಟರಿನ ಹಿಂದೆ ಕೂತು ಅಮ್ಮನ ಸೊಂಟ ತಬ್ಬಿದ ರಂಜಿನಿ ಖುಷಿಯಾಗಿದ್ದಳು.

"ಇನ್ನು ನಂಗೆ ಭಯ ಇಲ್ಲ ಕಣಮ್ಮ. ಅವ್ಳ ಅಮ್ಮನ್ ಸುದ್ದಿ ತೆಗುದ್ರೆ ಸಾಕು, ಅಳ್ತಾಳೆ. ಅಳ್ತಾ ತಪ್ಪು ಮಾಡೇ ಮಾಡ್ತಾಳೆ. ನಂಗೆ ರಟ್ಟು ಬಿದ್ದಾಗೆಲ್ಲ ಅವ್ಳನ್ನೇ ಕೇಳ್ತೀನಿ."

ಬೆನ್ನಿಗಾತು ಕೂತ ಮಗಳಿಗೆ ನೀಲಾಂಬಿಕೆ ಅವತ್ತು ಹೆದರಿದಳು.