ನೆದ್ಯಾಲ್ಕೊ ಹವಳಕ್ಕೆ ಬೆಳಕು ಹುಡುಕಿದ್ದು

ಡಾನ್ಯೂಬ್ ನದಿ ದಂಡೆಯ ರೂಸೆ ಪಟ್ಟಣದಲ್ಲಿ ಮಾಂಸದಂಗಡಿ ಇಟ್ಟಿದ್ದ ನೆದ್ಯಾಲ್ಕೊಗೆ ಬೆಳಕಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಗುಲಾಬಿ ಟ್ಯೂಬ್‌ಲೈಟು ಹಾಕಿಸಿ, ಮೊನ್ನೆಯ ಹಂದಿಮಾಂಸವನ್ನು ಈಗಷ್ಟೇ ಕಡಿದಂತೆ ಕಾಣಿಸಿದ ಗಟ್ಟಿಗ ಅವನು. ರಕ್ತದೊತ್ತಡ ಏರಿದ್ದಕ್ಕೆ ಡಾಕ್ಟರು, "ಮೀನು ಸಾಕಿ, ಸುಮ್ನೆ ನೋಡ್ತಾ ಕೂತ್ಕೊಳ್ಳಿ" ಎಂದಿದ್ದರು. ಇವನು ಮೀನಿಗೆ ನಿಲ್ಲಲಿಲ್ಲ. ಡಾನ್ಯೂಬ್ ಸೇತುವೆ ದಾಟಿ ಬುಕಾರೆಸ್ಟಿಗೆ ಹೋದವನು ಉಪ್ಪುನೀರಿನ ತೊಟ್ಟಿಯನ್ನೂ ಜೀವಂತ ಹವಳಗಳನ್ನೂ ವ್ಯಾನಿನಲ್ಲಿ ಹೇರಿಕೊಂಡು ಬಂದ.

ಬುಕಾರೆಸ್ಟಿನ ಹವಳದಂಗಡಿಯ ಒಡತಿ ಲವೀನಿಯಾ ಆಗಲೇ ಎಚ್ಚರಿಸಿದ್ದಳು: "ಇವಕ್ಕೆ ಬೆಳಕೇ ಊಟ. ಎರಡು ನೀಲಿ ಟ್ಯೂಬು, ಎರಡು ಬಿಳಿ ಟ್ಯೂಬು ತಗೊಂಡ್ಹೋಗಿ."

"ಬೆಳಕು ತಾನೇ? ಅದನ್ನ ನಂಗ್ ಬಿಡಮ್ಮ," ಎಂದು ನೆದ್ಯಾಲ್ಕೊ ನಕ್ಕುಬಿಟ್ಟ.

ಮನೆಗೆ ಬಂದವನೇ ಅಂಗಡಿಯ ಗುಲಾಬಿ ಟ್ಯೂಬುಗಳನ್ನೇ ತೊಟ್ಟಿಯ ಮೇಲೆ ಸಿಕ್ಕಿಸಿದ. ಹವಳಗಳು ಕೆಂಪಗೆ, ರಸವತ್ತಾಗಿ ಹೊಳೆದವು.

"ಚೆನ್ನಾಗಿದೆ," ಎಂದಳು ಹೆಂಡತಿ ತ್ಸ್ವೆತಾನಾ. "ಯಾವ್ದನ್ನ ಹುರೀಲಿ?"

ತಿಂಗಳೊಳಗೆ ತೊಟ್ಟಿಯ ತುಂಬ ಹಸಿರು ಪಾಚಿ ಕಟ್ಟಿತು. ಹವಳಗಳು ಮುದುಡಿ ಕಂದುಬಣ್ಣಕ್ಕೆ ತಿರುಗಿದವು. ನೆದ್ಯಾಲ್ಕೊ ಊಟ ಬಿಟ್ಟ. ಅವನು ಊಟ ಬಿಟ್ಟದ್ದನ್ನು ಮದುವೆಯಾದಂದಿನಿಂದ ನೋಡಿರದ ತ್ಸ್ವೆತಾನಾ ಹೆದರಿ, "ಏಳು, ಆ ಹುಡುಗಿ ಹತ್ರಾನೇ ಹೋಗೋಣ. ನೀನೊಬ್ಬನೇ ಹೋದ್ರೆ ಅವಳು ಹೇಳಿದ್ದು ಕೇಳಲ್ಲ, ನಾನೂ ಬರ್ತೀನಿ," ಎಂದು ಹೊರಟಳು.

ಲವೀನಿಯಾ ಒಂದೊಂದೇ ಟ್ಯೂಬು ಹೊತ್ತಿಸಿ ತೋರಿಸಿದಳು. ನೆದ್ಯಾಲ್ಕೊ ಹವಳ ನೋಡಿದ. ತ್ಸ್ವೆತಾನಾ ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ತನ್ನ ಮುಖ ನೋಡಿಕೊಂಡಳು. ನೀಲಿ ಬೆಳಕು ಬಿದ್ದದ್ದೇ ತಡ ಹವಳಗಳು ಒಳಗಿಂದ ಹೊತ್ತಿಕೊಂಡವು: ಗಿಳಿಹಸಿರು, ಕಿತ್ತಳೆ. ನೆದ್ಯಾಲ್ಕೊ ಬಾಯಿ ತೆರೆದವನು ಮುಚ್ಚಲಿಲ್ಲ.

"ಇದೇ! ನಾಲ್ಕೂ ಇದೇ ಕೊಡು!"

"ಅಯ್ಯೋ ದೇವ್ರೇ, ಪೆಟ್ಟಿಗೇಲಿ ಮಲಗಿಸಿದ ಹೆಣದ ಹಾಗೆ ಕಾಣ್ತಿದೀನಿ!" ಎಂದಳು ತ್ಸ್ವೆತಾನಾ. "ನಮ್ಮನೆ ಹಾಲ್ ಕಣೋ ಅದು, ಶವಾಗಾರ ಅಲ್ಲ. ಬಿಳೀದು ತಗೋ."

"ಬೆಳಕು ಹವಳಕ್ಕೆ ಕಣೆ, ನಿನ್ನ ಕೆನ್ನೆಗಲ್ಲ."

"ಎರಡೆರಡು ಅಂತ ನಾನು ಮೊದಲೇ..." ಎಂದ ಲವೀನಿಯಾಳ ಮಾತು ಇಬ್ಬರ ಕಿವಿಗೂ ಬೀಳಲಿಲ್ಲ. ಅವನು ನಾಲ್ಕು ನೀಲಿ ಕೊಂಡ. ತ್ಸ್ವೆತಾನಾ ಹಟಕ್ಕೆ ಎರಡು ಬಿಳಿ ಕೊಂಡು, ವ್ಯಾನಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಳು.

ಅಷ್ಟರಲ್ಲಿ ಡಿಸೆಂಬರ್ ಬಂದು, ಮನೆಮನೆಯಲ್ಲೂ ಮೀನೂಟ ಮಾಡುವ ಸಂತ ನಿಕೊಲಾಯ್ ಹಬ್ಬ ಬಂತು. ತ್ಸ್ವೆತಾನಾ ಅಕ್ಕಿ, ಅಕ್ರೋಟು ತುಂಬಿ ಇಡೀ ಗೆಂಡೆಮೀನು ಬೇಯಿಸಿ, ಇಬ್ಬರನ್ನು ಕರೆದಿದ್ದಳು. ಒಬ್ಬ ಅವಳ ಅಣ್ಣ ತ್ಸಾಂಕೊ, ಹೆಂಡತಿ ತೀರಿಕೊಂಡವನು. ಇನ್ನೊಬ್ಬಳು ಮೇಲಿನ ಮಹಡಿಯ ವಿಧವೆ ಸ್ತೊಯ್ಮೆಂಕಾ. ಇಬ್ಬರಿಗೂ ಗಂಟು ಹಾಕುವ ಆಸೆ ತ್ಸ್ವೆತಾನಾಳದು.

ತ್ಸಾಂಕೊಗಿದ್ದ ಒಂದೇ ಹೆಮ್ಮೆ ಅವನ ಹಲ್ಲು. "ಈ ವಯಸ್ಸಲ್ಲೂ ಒಂದೂ ಕಟ್ಟಿಸಿದ್ದಲ್ಲ ನೋಡಿ," ಎಂದು ಸ್ತೊಯ್ಮೆಂಕಾಗೆ ಹಲ್ಲು ಕಿರಿದು ತೋರಿಸುತ್ತ, ಅಕ್ರೋಟನ್ನು ಕಟಂ ಎಂದು ದವಡೆಯಲ್ಲಿ ಒಡೆದ.

"ಅಬ್ಬಾ!" ಎಂದಳು ಸ್ತೊಯ್ಮೆಂಕಾ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು.

ನೆದ್ಯಾಲ್ಕೊಗೆ ತಡೆಯಲಾಗಲಿಲ್ಲ. "ಅದನ್ನೇನು ನೋಡ್ತೀರಿ, ಇದನ್ನ ನೋಡಿ!" ಎಂದು ಹಾಲ್‌ನ ದೀಪ ಆರಿಸಿ, ನಾಲ್ಕೂ ನೀಲಿ ಟ್ಯೂಬು ಹೊತ್ತಿಸಿದ.

ಹವಳಗಳು ಹೊಳೆದವು. ಅವನ ಇಸ್ತ್ರಿ ಅಂಗಿ ಹೊಳೆಯಿತು. ತ್ಸ್ವೆತಾನಾಳ ಹಲ್ಲು ಬೆಳ್ಳಗೆ ಹೊಳೆಯಿತು. ತ್ಸಾಂಕೊನೂ ಅಗಲವಾಗಿ ನಗುತ್ತಿದ್ದ, ಆದರೆ ಆ ನಗುವಿನ ನಟ್ಟನಡುವೆ ನಾಲ್ಕು ಹಲ್ಲಿನ ಜಾಗ ಕಪ್ಪಗೆ ಬಾವಿಯ ಹಾಗೆ ಕಾಣುತ್ತಿತ್ತು.

"ಅಣ್ಣಾ, ನಿನ್ ಹಲ್ಲೆಲ್ಲೋ?" ಎಂದು ಕಿರುಚಿದಳು ತ್ಸ್ವೆತಾನಾ.

ತ್ಸಾಂಕೊ ಕೈಯಿಂದ ಬಾಯಿ ತಡವಿಕೊಂಡ. ಕಟ್ಟಿಸಿದ ಹಲ್ಲು ನೀಲಿ ಬೆಳಕಿಗೆ ಹೊಳೆಯುವುದಿಲ್ಲವೆಂದು ಆ ಪಾಪದವನಿಗೇನು ಗೊತ್ತು? "ಆರ್ಸೋ ಅದನ್ನ, ಹಾಳಾದವನೇ!" ಎಂದು ತಂಗಿಯ ಗಂಡನ ಮೇಲೆ ಎಗರಿದ.

ಆಗ ಸ್ತೊಯ್ಮೆಂಕಾ ನಗತೊಡಗಿದಳು. ಮೊದಲು ಕರವಸ್ತ್ರದೊಳಗೆ, ಆಮೇಲೆ ಅದು ಜಾರಿಬಿದ್ದದ್ದೂ ತಿಳಿಯದಂತೆ ಬಾಯ್ತುಂಬ. ಅವಳ ಮೇಲ್ಸಾಲು ಪೂರ್ತಿ ಕತ್ತಲೆ.

"ಅಯ್ಯೋ, ನಿಮ್ದೂ!" ಎಂದ ತ್ಸಾಂಕೊ.

"ನಂದಕ್ಕೆ ಎರಡು ಕಂತಲ್ಲಿ ದುಡ್ಡು ಕೊಟ್ಟೆ. ನಿಮ್ಮ ಡಾಕ್ಟರ್ ಯಾರು? ಅಕ್ರೋಟು ಒಡೆಯೋ ಅಷ್ಟು ಗಟ್ಟಿಯಾಗಿ ಕೂರ್ಸಿದಾನಲ್ಲ!"

"ಒಡೆದಿದ್ದು ಹಿಂದಿನ ಹಲ್ಲಲ್ಲಿ ಕಣ್ರೀ, ಅವು ನಂದೇ," ಎಂದ ತ್ಸಾಂಕೊ ಸಣ್ಣ ದನಿಯಲ್ಲಿ. ಅಲ್ಲಿಂದ ಇಬ್ಬರೂ ಮೀನಿನ ಮುಳ್ಳು ಮರೆತು ಹಲ್ಲಿನ ಮಾತಿಗೆ ಇಳಿದರು. ಈಸ್ಟರ್ ಕಳೆದ ಮೇಲೆ ಮದುವೆಯೂ ಆಯಿತು.

ತ್ಸ್ವೆತಾನಾ ಮಾತ್ರ ಮರುದಿನ ಬೆಳಿಗ್ಗೆಯೇ ಕುರ್ಚಿ ಹತ್ತಿ, ಎರಡು ನೀಲಿ ಟ್ಯೂಬು ಕಿತ್ತು ತನ್ನ ಎರಡು ಬಿಳಿ ಟ್ಯೂಬು ಸಿಕ್ಕಿಸಿದಳು. "ಈ ಮನೇಲಿ ಮನುಷ್ಯರೂ ಇದಾರೆ," ಎಂದಳು.

ವಸಂತದ ಹೊತ್ತಿಗೆ ಪಾಚಿ ಹೋಯಿತು. ಮುದುಡಿದ್ದ ಹವಳಗಳು ಒಂದೊಂದಾಗಿ ಬೆರಳು ಚಾಚಿ ಅರಳಿದವು. ನೆದ್ಯಾಲ್ಕೊ ಸಂತೋಷ ತಡೆಯದೆ ಬುಕಾರೆಸ್ಟಿಗೆ ಫೋನು ಮಾಡಿದ. "ಎರಡು ನೀಲಿ, ಎರಡು ಬಿಳಿ ಹಾಕಿ ನೋಡಮ್ಮ, ಭಾರಿ ಚೆನ್ನಾಗ್ ಬರುತ್ತೆ. ನನ್ ಹೆಂಡ್ತಿ ಕಂಡುಹಿಡಿದಿದ್ದು!"

"ಹೌದಾ? ಇರಿ, ಬರ್ಕೋತೀನಿ," ಎಂದಳು ಆ ಕಡೆಯಿಂದ ಲವೀನಿಯಾ.

ಈಗ ತೊಟ್ಟಿಯ ಮುಂದಿನ ಆರಾಮ ಕುರ್ಚಿ ತ್ಸ್ವೆತಾನಾಳದು. ಸಂಜೆ ಹೆಣಿಗೆ ಹಿಡಿದು ಕೂತರೆ ಏಳುವುದಿಲ್ಲ. ನೆದ್ಯಾಲ್ಕೊ ಅಡುಗೆಮನೆಯಿಂದ ಸ್ಟೂಲು ತಂದು, ಅವಳ ಪಕ್ಕದಲ್ಲಿ ಸಿಕ್ಕಷ್ಟು ಜಾಗದಲ್ಲಿ ಕೂರುತ್ತಾನೆ.