ಲ್ಯಾಪ್‌ಟಾಪಿಗೆ ಹೊಸ ಇಂಜಿನ್

ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ಕರಡು ತಿದ್ದುವುದು ಎನ್ನುತ್ತೇನೆ. ಅದು ಅರ್ಧ ಸತ್ಯ. ನಾನು ಹೆಚ್ಚು ಹೊತ್ತು ಮಾಡುವ ಕೆಲಸ ಲ್ಯಾಪ್‌ಟಾಪ್ ತೆರೆದುಕೊಳ್ಳಲೆಂದು ಕಾಯುವುದು. ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ, ತಲೆ ಒರೆಸಿಕೊಂಡು ಬಂದರೂ ಪರದೆಯ ಮೇಲೆ ಆ ಸಣ್ಣ ಬಳೆ ತಿರುಗುತ್ತಲೇ ಇರುತ್ತದೆ. ನಾನು ಅದನ್ನು ನೋಡುತ್ತಾ ಕೂರುತ್ತೇನೆ. ಬೈಯಲಿಕ್ಕೂ ಈಗೀಗ ತ್ರಾಣವಿಲ್ಲ.

ಹೊಸದು ತೆಗೆದುಕೊಳ್ಳಿ ಎಂದು ಹೇಳದವರಿಲ್ಲ. ಹೊಸದನ್ನು ಕೊಳ್ಳುವುದು ಸುಲಭ, ಅದಕ್ಕೆ ಒಗ್ಗಿಕೊಳ್ಳುವುದು ಕಷ್ಟ. ನನ್ನ ಹಳೆಯ ಟೈಪಿಂಗ್ ತಂತ್ರಾಂಶ ಹೊಸ ಯಂತ್ರದಲ್ಲಿ ಕೂರುವುದಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ‘ಕ್ಷ’ ಎಲ್ಲಿದೆ, ‘ಜ್ಞ’ ಎಲ್ಲಿದೆ ಎಂದು ಮತ್ತೆ ಹುಡುಕುತ್ತಾ ಕೂರುವುದು ನನ್ನಿಂದಾಗದು.

ಕಾಪುವಿನಲ್ಲಿರುವ ಅಕ್ಕನ ಮನೆಗೆ ಹೋದಾಗ ಈ ಗೋಳನ್ನು ಹೇಳಿಕೊಂಡೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ದಾಮೋದರ ಭಾವ ತಲೆ ಎತ್ತಿದರು. ಭಾವ ನಲವತ್ತು ವರ್ಷ ಮಲ್ಪೆ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡಿದವರು. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದಾಗ ಅವರಿಗೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಕಳೆದ ವರ್ಷದಿಂದ ಬಲಗೈ ನಡುಗಲು ಶುರುವಾಯಿತು. ಮಣಿಪಾಲದ ಡಾಕ್ಟರು, ಇನ್ನು ಕೆಲಸ ಸಾಕು ಎಂದರು. ಅಂದಿನಿಂದ ಮಾತೂ ಕಡಿಮೆಯಾಗಿತ್ತು. “ಬೆಳಿಗ್ಗೆ ಕೂತರೆ ಊಟಕ್ಕೇ ಏಳುವುದು. ಏನು ಕೇಳಿದರೂ ಹೂಂ, ಉಹೂಂ, ಅಷ್ಟೇ” ಎಂದು ಅಕ್ಕ ಫೋನಿನಲ್ಲಿ ಅಳುತ್ತಿದ್ದಳು.

ಆ ಭಾವ ಈಗ ಕೇಳಿದರು: “ಬಾಡಿ ಗಟ್ಟಿ ಉಂಟಾ?”

“ಗಟ್ಟಿ ಉಂಟು ಭಾವ.”

“ಮತ್ತೆ ಹೊಸದು ಎಂತಕ್ಕೆ? ಇಂಜಿನ್ ಬದಲಿಸುವ. ನೀನು ಸಾಮಾನು ತಾ, ನಾನಿದ್ದೇನೆ.”

ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ ನನ್ನನ್ನು ನೋಡಿದ ಬಗೆ ಕಂಡು ‘ಆಗುವುದಿಲ್ಲ’ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಲ್ಯಾಪ್‌ಟಾಪಿನ ಇಂಜಿನ್ ಎಂದರೆ ಪ್ರೊಸೆಸರ್. ಕನ್ನಡದಲ್ಲಿ ಅದಕ್ಕೆ ‘ಸಂಸ್ಕಾರಕ’ ಎಂದು ಬರೆದದ್ದನ್ನು ಎಷ್ಟೋ ಕರಡುಗಳಲ್ಲಿ ತಿದ್ದದೆ ಬಿಟ್ಟಿದ್ದೇನೆ. ನಮ್ಮಲ್ಲಿ ಸಂಸ್ಕಾರಗಳು ಹದಿನಾರು. ಸ್ನೇಹಿತರೆಲ್ಲ ನನ್ನ ಯಂತ್ರಕ್ಕೆ ಶಿಫಾರಸು ಮಾಡುತ್ತಿದ್ದದ್ದು ಕೊನೆಯದನ್ನು. ಭಾವ ಒಬ್ಬರೇ ಇನ್ನೂ ನಾಮಕರಣದ ಹುರುಪಿನಲ್ಲಿದ್ದರು.

ಮರುದಿನ ಮಣಿಪಾಲಕ್ಕೆ ಹೋದೆ. ಹಳೆಯ ಕಂಪ್ಯೂಟರುಗಳ ಬಿಡಿಭಾಗ ಮಾರುವ ಅಂಗಡಿಯ ಶಾಲಿನಿ ನನ್ನ ಲ್ಯಾಪ್‌ಟಾಪನ್ನು ಅಡಿಮೇಲು ಮಾಡಿ ನೋಡಿದಳು. “ಸರ್, ಈಗಿನದ್ದರಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರ್ತಾರೆ. ನಿಮ್ಮದರಲ್ಲಿ ತೆಗೆದು ಹಾಕ್ಲಿಕ್ಕೆ ಆಗ್ತದೆ. ಆದ್ರೆ ಅದ್ರಿಂದ ದೊಡ್ಡ ಪ್ರಯೋಜನ ಇಲ್ಲ. ನಿಧಾನ ಆಗಿರೋದು ಡಿಸ್ಕಿನಿಂದ. ಅದನ್ನು ಬದಲಿಸಿ, ಹತ್ತು ನಿಮಿಷದ ಕೆಲಸ.”

ಹತ್ತು ನಿಮಿಷದ ಕೆಲಸ! ಬೇರೆ ದಿನವಾಗಿದ್ದರೆ ಕೈಮುಗಿದು ಒಪ್ಪಿಕೊಳ್ಳುತ್ತಿದ್ದೆ. ಆದರೆ ಹತ್ತು ನಿಮಿಷದ ಕೆಲಸವನ್ನು ಭಾವನ ಮುಂದೆ ಒಯ್ದು ಇಡುವುದು ಹೇಗೆ? “ಇಲ್ಲಮ್ಮ, ಪ್ರೊಸೆಸರೇ ಕೊಡಿ” ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ನಿಟ್ಟೆಯ ಹಾಸ್ಟೆಲಿನ ಯಾರದೋ ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದಿಟ್ಟಿದ್ದ, ನನ್ನದಕ್ಕೆ ಹೊಂದುವ ಒಂದು ಪ್ರೊಸೆಸರನ್ನು ಹುಡುಕಿ ಕೊಟ್ಟಳು.

ಭಾನುವಾರ ಕಾಪುವಿಗೆ ಹೋದಾಗ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದರು. ಮೇಜಿನ ಮೇಲೆ ಬಿಳಿ ಪಂಚೆ ಹಾಸಿತ್ತು. ಮುಚ್ಚಳ ಬಿಚ್ಚಿದ್ದಾಯಿತು. ಒಳಗೆ ಹನ್ನೆರಡು ವರ್ಷದ ಧೂಳು, ಫ್ಯಾನಿನ ಬಾಯಿಯಲ್ಲಿ ಹತ್ತಿಯಂಥ ಉಂಡೆ. “ಇದಕ್ಕೆ ಉಸಿರಾಡಲಿಕ್ಕೇ ಬಿಟ್ಟಿಲ್ಲ ನೀನು” ಎಂದು ಭಾವ ಬೈದರು. ಒಂದು ವರ್ಷದಿಂದ ಅವರ ಬೈಗುಳ ಕೇಳಿರಲಿಲ್ಲ, ಹಿತವಾಯಿತು.

ಹಳೆಯ ಪ್ರೊಸೆಸರ್ ಹೊರಗೆ ಬಂತು. ಹೊಸದನ್ನು ಬೆಳಕಿಗೆ ಹಿಡಿದು ನೋಡಿದರು ಭಾವ. ಬೆಂಕಿಪೊಟ್ಟಣದಷ್ಟು ಅಗಲದ ಜಾಗದಲ್ಲಿ ಕೂದಲೆಳೆಯಂಥ ಕಾಲುಗಳು, ಲೆಕ್ಕವಿಲ್ಲದಷ್ಟು. “ನೋಡು, ಮೂಲೆಯಲ್ಲಿ ಒಂದು ಕಾಲು ಬಗ್ಗಿದೆ” ಎಂದರು. ನಾನು ಕನ್ನಡಕವನ್ನು ಮೂಗಿಗೆ ಒತ್ತಿಕೊಂಡರೂ ನನಗದು ಕಾಣಲಿಲ್ಲ. ಅಕ್ಕನ ಹೊಲಿಗೆ ಸೂಜಿ ತರಿಸಿದರು. ಸೂಜಿಯನ್ನು ಕಾಲಿನ ಹತ್ತಿರ ಒಯ್ದರು. ಸೂಜಿಯ ತುದಿ ನಡುಗಿತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರು. ಆಗ ಎರಡೂ ನಡುಗಿದವು. ಸೂಜಿಯನ್ನು ನನ್ನ ಕಡೆ ಸರಿಸಿದರು.

“ನೀನೇ ಮಾಡು. ನನಗೆ ಕಣ್ಣು ಸರಿ ಕಾಣುವುದಿಲ್ಲ.”

“ಹೌದು ಭಾವ, ಬೆಳಕೂ ಕಡಿಮೆ ಉಂಟು” ಎಂದೆ ನಾನು, ಹಾಡುಹಗಲಿನಲ್ಲಿ.

ಕೆಂಪು ಪೆನ್ನಿಗಿಂತ ಭಾರವಾದ ಉಪಕರಣ ಹಿಡಿಯದ ನನ್ನ ಕೈ ಆ ದಿನ ಭಾವನ ಕೈಯಾಯಿತು. “ಎಡಕ್ಕೆ. ಅಷ್ಟಲ್ಲ ಮಾರಾಯ, ಒಂದು ಉಸಿರಿನಷ್ಟು.” ಕಾಲು ನೆಟ್ಟಗಾಯಿತು, ಪ್ರೊಸೆಸರನ್ನು ಅದರ ಗೂಡಿನ ಮೇಲಿಟ್ಟೆ. “ಒತ್ತಬೇಡ. ಒತ್ತಿದರೆ ಹೋಯಿತು. ಅದೇ ಕೂರಬೇಕು.” ಅದು ತಾನಾಗಿ ಕೂತಿತು. ಸ್ಕ್ರೂ ಅರ್ಧ ಸುತ್ತು ತಿರುಗಿಸಿದೆ, ಬಿಸಿ ಎಳೆದುಕೊಳ್ಳುವ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಾಕಿದೆ, ಮುಚ್ಚಿದೆ. ಗುಂಡಿ ಒತ್ತಿದಾಗ ಫ್ಯಾನು ಸುಯ್ಯೆಂದಿತು, ಪರದೆ ಬೆಳಗಿತು. ಭಾವ ಅಂದು ಎರಡು ಸಲ ಮೀನುಸಾರು ಬಡಿಸಿಕೊಂಡರು. ನಡುಕಡಲಿನಲ್ಲಿ ನಿಂತ ಇಂಜಿನನ್ನು ಚಾಲೂ ಮಾಡಿದ ಹಳೆಯ ಕಥೆಗಳನ್ನು ಒಂದರ ಹಿಂದೆ ಒಂದು ಹೇಳಿದರು. ಅಕ್ಕ ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿದಳು.

ಲ್ಯಾಪ್‌ಟಾಪ್ ಮಾತ್ರ ಮೊದಲಿನಂತೆಯೇ ನಿಧಾನ. ಶಾಲಿನಿ ಹೇಳಿದಂತೆಯೇ ಆಗಿತ್ತು. ಭಾವ ವಾರಕ್ಕೊಮ್ಮೆ ಫೋನ್ ಮಾಡಿ “ಓಡ್ತದಾ?” ಎನ್ನುತ್ತಿದ್ದರು. “ರಾಕೆಟ್ ಭಾವ” ಎನ್ನುತ್ತಿದ್ದೆ. ಬೇರೆಯವರ ತಪ್ಪು ತಿದ್ದಿ ಬದುಕುವವನಿಗೆ ತನ್ನ ಸುಳ್ಳನ್ನು ಪ್ರತಿ ವಾರ ಮರುಮುದ್ರಣ ಮಾಡುವುದು ಬಲು ಆಯಾಸದ ಕೆಲಸ.

ಒಂದು ತಿಂಗಳ ನಂತರ ಡಾಕ್ಟರಿಗೆ ತೋರಿಸಲು ಮಣಿಪಾಲಕ್ಕೆ ಬಂದ ಭಾವ, ಹಾಗೆಯೇ ಬನ್ನಂಜೆಯ ನಮ್ಮ ಮನೆಗೂ ಬಂದರು. ಚಹಾ ಕುಡಿದು, “ಎಲ್ಲಿ, ಸ್ಟಾರ್ಟ್ ಮಾಡು ನೋಡುವ” ಎಂದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಗುಂಡಿ ಒತ್ತಿದೆ. ಬಳೆ ತಿರುಗಿತು. ತಿರುಗುತ್ತಲೇ ಇತ್ತು. ನಾನು ಕಿಟಕಿಯಾಚೆ ಮಳೆ ನೋಡಿದೆ.

“ಗೊತ್ತುಂಟು ಮಾರಾಯ” ಎಂದರು ಭಾವ. “ಇಂಜಿನ್ ಕೂರಿಸಿ ಸ್ಟಾರ್ಟ್ ಮಾಡಿದಾಗಲೇ ಒಳಗೆ ಡಿಸ್ಕ್ ಕರಕರ ಹೇಳ್ತಿತ್ತು. ಬೋಟಿನ ಅಡಿಗೆ ಚಿಪ್ಪು ಕಟ್ಟಿದ್ರೆ ಎಂಥ ಇಂಜಿನ್ ಹಾಕಿದ್ರೂ ಸ್ಪೀಡ್ ಬರುವುದಿಲ್ಲ. ತೊಂದರೆ ಇರುವುದು ಅಲ್ಲಿ.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಭಾವ?”

“ನೀನು ಅಷ್ಟು ಕುಶಿಯಲ್ಲಿದ್ದೆ. ಜೀವಮಾನದಲ್ಲಿ ಮೊದಲ ಸಲ ಒಂದು ಇಂಜಿನ್ ಕೂರಿಸಿದವನಿಗೆ ಹಾಗೆ ಹೇಳ್ಲಿಕ್ಕೆ ಆಗ್ತದಾ?”

ನನಗೆ ನಗು ಬಂತು. “ಹಾಗಾದರೆ ನಾಳೆಯೇ ಡಿಸ್ಕ್ ತರುತ್ತೇನೆ. ಹತ್ತು ನಿಮಿಷದ ಕೆಲಸವಂತೆ” ಎಂದೆ.

“ಅವಸರ ಎಂತ?” ಭಾವ ಕಾಲು ನೀಡಿ ಕುರ್ಚಿಗೆ ಒರಗಿದರು. “ಮೊದಲು ಫ್ಯಾನಿಗೆ ಎಣ್ಣೆ ಬಿಡುವ, ಒಂದು ಭಾನುವಾರ. ಆಮೇಲೆ ಪರದೆಯ ಆ ಸಡಿಲ ಕೀಲು ನೋಡುವ. ಡಿಸ್ಕ್ ಕೊನೆಗೆ. ಎಲ್ಲ ಒಂದೇ ಸಲ ಸರಿ ಮಾಡಿದ್ರೆ ಮತ್ತೆ ನೀನು ಕಾಪುವಿಗೆ ಎಂತ ನೆಪ ಹೇಳಿ ಬರ್ತೀ?”