ಚಿಕ್ಕಿ ಕಟ್ಟಿದ ಅಂಗಡಿ

ಕಣ್ಣಿನ ಡಾಕ್ಟರು ಹನಿ ಹಾಕಿ ಕಳಿಸಿದ ಮೇಲೆ ಅವ್ವನಿಗೆ ನವಲಗುಂದದ ಪೇಟೆಯೆಲ್ಲ ಮಂಜು ಮಂಜಾಗಿ ಕಾಣುತ್ತಿತ್ತು. ನನ್ನ ತೋಳು ಹಿಡಿದು, ಹಳ್ಳದ ನೀರಿನೊಳಗೆ ನಡೆಯುವವಳ ಹಾಗೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳು. ಮುಖದ ಮೇಲೆ ಸಣ್ಣ ನಗು. ಹೀಗೇ ಇದ್ದರೂ ಅಡ್ಡಿಯಿಲ್ಲ, ಎಲ್ಲ ಚಂದ ಕಾಣುತ್ತದೆ ಅಂದಳು. ನಮ್ಮೂರು ತಿರ್ಲಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು.

ಅವತ್ತು ಕ್ರಿಸ್‌ಮಸ್. ಸಂಜೆಯಾಗುತ್ತಲೇ ಅಂಗಡಿಗಳ ಮುಂದೆ ನಕ್ಷತ್ರದ ದೀಪಗಳು, ನಮ್ಮ ಕಡೆಯ ಮಾತಿನಲ್ಲಿ ಚಿಕ್ಕಿಗಳು, ಒಂದೊಂದಾಗಿ ಹತ್ತಿಕೊಂಡವು. ಮೊಬೈಲ್ ಅಂಗಡಿಗೊಂದು, ಚಪ್ಪಲಿ ಅಂಗಡಿಗೊಂದು, ಬೇಕರಿಗೆರಡು. ಕಡೆಗೆ ಬೀಜ ಗೊಬ್ಬರದ ಅಂಗಡಿಯವನೂ ಒಂದು ತೂಗುಹಾಕಿದ್ದ. ಇವನಿಗೇಕೆ ಬೇಕಿತ್ತೋ ಈ ಉಸಾಬರಿ! ಎಲ್ಲ ವ್ಯಾಪಾರದ ಆಟ ಎಂದು ನನಗೆ ಮೈಯೆಲ್ಲ ಉರಿಯಿತು. ಅವ್ವ ಮಾತ್ರ ನಿಂತುಬಿಟ್ಟಳು. ಹನಿ ಬಿದ್ದ ಕಣ್ಣಿಗೆ ಒಂದೊಂದು ದೀಪವೂ ದಾಸವಾಳದಷ್ಟು ಅರಳಿರಬೇಕು.

"ಎಷ್ಟ ಚಿಕ್ಕಿ ಅದಾವಲ್ಲ ಬೇ. ಕ್ರಿಸ್ತರ ಮನಿ ಇಷ್ಟ ಆಗ್ಯಾವೇನ ಇಲ್ಲೆ?"

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ನಾನು ಸಣ್ಣವಳಿದ್ದಾಗ ನಮ್ಮೂರಿಗೆಲ್ಲ ಒಂದೇ ಕ್ರಿಸ್ತರ ಮನೆ, ದವಾಖಾನೆಯ ನರ್ಸಬಾಯಿಯದು. ಹಬ್ಬಕ್ಕೆ ಅವರು ಮಾಳಿಗೆಯ ಮೇಲೆ ಕಾಗದದ ಚಿಕ್ಕಿ ಏರಿಸುತ್ತಿದ್ದರು. ಅದರ ಬಿದಿರು ಸೀಳಿ ಕಟ್ಟಿಕೊಡುತ್ತಿದ್ದವನು ಮೊಹರಮ್ಮಿಗೆ ಡೋಲಿ ಕಟ್ಟುವ ಮುಸಲರ ಕಾಕಾ. ಚಿಕ್ಕಿ ಏರಿತೆಂದರೆ ಊರಿಗೆಲ್ಲ ಕರೆ ಬಂದ ಹಾಗೆ, ಮನೆ ಮನೆಗೆ ಹೋಗಿ ಕರೆಯುವ ಮಾತೇ ಇಲ್ಲ. ಹೊಲದಿಂದ ಬಂದ ಹೆಂಗಸರು ಕೈಕಾಲು ತೊಳೆದು ಸೀದಾ ಒಳಗೆ ಹೋಗಿ ಕೂಡುತ್ತಿದ್ದರು. ಕರಚಿಕಾಯಿ ಬರುತ್ತಿತ್ತು, ಚಹಾ ಬರುತ್ತಿತ್ತು, ಹರಟೆಗೆ ಕೊನೆಯಿರಲಿಲ್ಲ. ಅವ್ವನ ಲೆಕ್ಕದಲ್ಲಿ ಚಿಕ್ಕಿ ಅಂದರೆ ಇವತ್ತಿಗೂ ಅಷ್ಟೇ, ಒಳಗೆ ಬರ್ರಿ ಅಂತ.

ನಾನು ಬಾಯಿ ತೆರೆಯುವುದರೊಳಗೆ ಅವಳು ಚಿಕ್ಕಿ ತೂಗುತ್ತಿದ್ದ ಬಟ್ಟೆ ಅಂಗಡಿಯೊಂದರ ಹೊರಗೆ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಒಳಗೆ ಹೋಗಿ ಗಾದಿಯ ಮೇಲೆ ಕೂತಾಗಿತ್ತು. ಅಲ್ಲೊಂದು ಪ್ಲಾಸ್ಟಿಕ್ ಗಿಡ, ಅದರ ಮೇಲೆ ಹಿಮವೆಂದು ನಮ್ಮ ಎರೆಹೊಲದ ಹತ್ತಿಯನ್ನೇ ಹಿಂಜಿ ಹರಡಿದ್ದರು. ಹಬ್ಬ ಚೊಲೊ ಆತೇನ್ರಿ ಎಂದು ಅವ್ವ ಎಲ್ಲರನ್ನೂ ವಿಚಾರಿಸಿದಳು. ಅಂಗಡಿಯವರು ಆಫರಿನ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹಾಕಿದರು. ಅವಳು ಅವನ್ನು ಮುಟ್ಟಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು, ಕರಚಿಕಾಯಿಯ ತಾಟು ಬರುತ್ತದೆಂದು ಕಾಯುತ್ತ ಕೂತಳು. ನಾಲ್ಕು ಮಂದಿಯ ಮುಂದೆ ಅವಳ ಮುಖ ಸಣ್ಣದಾಗಬಾರದು, ನನಗೆ ಬೇಕಾದದ್ದು ಅದೊಂದೇ. ಎದ್ದೇಳು ಎಂದು ಕಿವಿಯಲ್ಲಿ ಹೇಳಿದೆ. ಸುಮ್ಮನಿರು ಎಂದು ನನ್ನನ್ನೇ ಗದರಿದಳು.

ಕಡೆಗೆ ಅವಳೇ ಕೇಳಿದಳು.

"ಹಬ್ಬ ಯಾರದರಿ ಇಲ್ಲೆ?"

ಸೀರೆ ಬಿಚ್ಚುತ್ತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು. ನಾನು ತಲೆ ತಗ್ಗಿಸಿದೆ. ಆಗ ಮೂಲೆಯಲ್ಲಿ ಸೀರೆ ಮಡಚುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ತಲೆಯ ಮೇಲೆ ಅಂಗಡಿಯವರು ತೊಡಿಸಿದ ಕೆಂಪು ಟೊಪ್ಪಿಗೆ.

"ನಂದರಿ ಅಮ್ಮಾರ," ಅಂದಳು.

ನಗು ನಿಂತಿತು. ಅವ್ವ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಎಲ್ಲ ವಿಚಾರಿಸಿದಳು. ಊರು ಅಣ್ಣಿಗೇರಿ ಕಡೆಯದಂತೆ. ತಾಯಿ ಬೆಳಗಿನಿಂದ ಫೋನು ಮಾಡುತ್ತಲೇ ಇದ್ದಾಳಂತೆ. ಇವತ್ತೇ ಗಿರಾಕಿ ಜಾಸ್ತಿ ಎಂದು ರಜೆ ಕೊಟ್ಟಿಲ್ಲವಂತೆ.

ಅವ್ವ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುತ್ತಿದ್ದ ಮಾಲಕನ ಕಡೆ ತಿರುಗಿದಳು. "ಈಕಿನ್ನ ಮನಿಗೆ ಕಳಸ್ರಿ. ಈಕಿಗೇ ಹಬ್ಬ ಇಲ್ಲಂದ್ರ ಆ ಚಿಕ್ಕಿ ಯಾರ ಸಲುವಾಗಿ ಕಟ್ಟೀರಿ?"

ಆತ ಕೆಟ್ಟವನಲ್ಲ, ಪಾಪ. ಮುಖ ಕೆಂಪಾಯಿತು. ನಾಳೆ ಪೂರಾ ರಜೆ ಕೊಡುತ್ತೇನೆಂದ. ನಾಳೆ ಕೊಟ್ಟು ಏನು ಮಾಡೋದು ಎಂದು ಗೊಣಗುತ್ತ ಅವ್ವ ಎದ್ದಳು. ಹುಡುಗಿಯ ಗಲ್ಲ ಮುಟ್ಟಿದಳು. ಅಷ್ಟರಲ್ಲಿ ಮತ್ತೊಂದು ಹಿಂಡು ಗಿರಾಕಿಗಳು ಒಳಗೆ ಬಂದರು.

ಅವ್ವ ಹೊಸ್ತಿಲಾಚೆ ಕಾಲಿನಿಂದ ಚಪ್ಪಲಿ ತಡಕುತ್ತಿದ್ದಳು. ಹುಡುಗಿ ಹಿಂದೆಯೇ ಬಂದು, ಬಗ್ಗಿ ಚಪ್ಪಲಿ ಸರಿಸಿ ಕೊಟ್ಟಳು. ಅವಳ ಕಣ್ಣು ತುಂಬಿತ್ತು.

"ಹಬ್ಬದ ದಿನ ಬಂದು, ಏನೂ ತಿನ್ನದ ಹೊಂಟ್ರಲ್ಲರಿ ಅಮ್ಮಾರ," ಅಂದಳು.